ಒಂದು ಬಿಳಿ ಗುಳಿಗೆಯ ಬೆನ್ನು ಹತ್ತಿದವರು

ನಾನು ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ದಿನ ಆಗಿತ್ತು. ಲ್ಯಾಬಿನ ಬಾಗಿಲಲ್ಲಿ ಎತ್ತರದ, ಸಣಕಲು ಮೈಯ ಮನುಷ್ಯರೊಬ್ಬರು ಬಂದು ನಿಂತರು. ಅಂಗಿಯ ಗುಂಡಿ ಕೊರಳತನಕ ಹಾಕಿದ್ದರು, ಕಿವಿಯ ಮೇಲೊಂದು ಪೆನ್ಸಿಲ್ಲು, ಕೈಯಲ್ಲೊಂದು ತಗಡಿನ ಡಬ್ಬಿ. ಹೆಸರು ಹೇಳಲಿಲ್ಲ, ನಮಸ್ಕಾರ ಹೇಳಲಿಲ್ಲ. ಮುಚ್ಚಳ ತೆಗೆದು ಡಬ್ಬಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಮೇಡಂ, ಜರಾ ಮೂಸಿ ನೋಡ್ರಿ. ಏನ್ ವಾಸನಿ ಬರ್ತೈತಿ?"

ಮೂಸಿದೆ. ಒಳಗೆ ಬಿಳಿ ಗುಳಿಗೆಗಳು.

"ಹುಳಿ ವಾಸನಿ ಬರಾಕತ್ತೈತ್ರಿ."

"ಸಿರ್ಕಾ ವಾಸನಿ, ಹೌದಿಲ್ಲೋ?"

"ಹೌದ್ರಿ, ಸಿರ್ಕಾದಂಗ."

"ಹಂಗಾದ್ರ ಇದು ಕೆಟ್ಟೈತಿ," ಎಂದರು. "ನನ್ನ ಮೂಗೊಂದನ್ನ ನಂಬಿ ಡಬ್ಬಿ ಕೆಡವಾಕ ಮನಸ್ಸಾಗಲಿಲ್ಲ. ಇನ್ನೊಂದು ಮೂಗು ಬೇಕಾಗಿತ್ತು."

ಡಬ್ಬಿ ಮುಚ್ಚಿಕೊಂಡು ಹೋಗಿಬಿಟ್ಟರು. ಅವು ಆಸ್ಪಿರಿನ್ ಗುಳಿಗೆಗಳೆಂದು ಆಮೇಲೆ ತಿಳಿಯಿತು. ತೇವ ತಾಗಿದರೆ ಆಸ್ಪಿರಿನ್ ಒಳಗೊಳಗೇ ಒಡೆದು ಸಿರ್ಕಾದ, ಅಂದರೆ ವಿನೆಗರಿನ, ಹುಳಿ ವಾಸನೆ ಬಿಡುತ್ತದೆ. ಡಬ್ಬಿಯ ಮೇಲಿನ ತಾರೀಕು ಇನ್ನೂ ಮುಗಿದಿರಲಿಲ್ಲವಂತೆ. ಆದರೆ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಗೋಡೆಗಳೂ ಬೆವರುತ್ತಿದ್ದವು. ಅಲ್ಲಿ ಗುಳಿಗೆ ಕೆಡದೆ ಇರುತ್ತದೆಯೇ?

ಅವರು ಆ ದವಾಖಾನೆಯ ಫಾರ್ಮಸಿಸ್ಟ್. ಜನರ ಬಾಯಲ್ಲಿ ಕಂಪೌಂಡರ್ ಸಾಹೇಬ್ರು. ಸಿಂಧನೂರಿನಿಂದ ಬಹಳ ದೂರವಿಲ್ಲದ ಒಂದು ಸಣ್ಣ ಸರಕಾರಿ ದವಾಖಾನೆ ಅದು. ಊರ ಹೆಸರು ಬೇಡ. ಎಂಬತ್ತರ ದಶಕ ಅರ್ಧಕ್ಕೆ ಬಂದಿದ್ದ ಕಾಲ. ನಾನು ಲಿಂಗಸುಗೂರಿನ ಹುಡುಗಿ, ಲ್ಯಾಬ್ ಟೆಕ್ನಿಷಿಯನ್ ಅಂತ ಹೊಸದಾಗಿ ಹೋಗಿದ್ದೆ. ಮಲೇರಿಯಾಕ್ಕೆ ರಕ್ತ ಹಚ್ಚಿದ ಗಾಜು ನೋಡುವುದು, ಕಫ ನೋಡುವುದು, ರಕ್ತ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಅವರ ಹೆಸರನ್ನೂ ನಾನು ಬರೆಯುವುದಿಲ್ಲ. ಕಿಟಕಿಯ ಮೇಲೆ ಅವರ ಹೆಸರು ಬರೆಯಲು ಪೇಂಟರ್ ಬಂದಾಗ, "ಔಷಧಿ ಕೊಡುವ ಜಾಗ ಅಂತ ಬರಿ, ಸಾಕು. ಜನಕ್ಕ ಬೇಕಾಗಿದ್ದು ಅದು" ಎಂದು ಹೇಳಿ ಕಳಿಸಿದವರು ಅವರು.

ಆ ಕಿಟಕಿಯ ಮುಂದೆ ಸಾಲು ಯಾವಾಗಲೂ ಉದ್ದ. ಯಾಕೆಂದರೆ ಅವರು ಪ್ರಶ್ನೆ ಕೇಳದೆ ಗುಳಿಗೆ ಕೊಡುತ್ತಿರಲಿಲ್ಲ. ಅದರಲ್ಲೂ ಆಸ್ಪಿರಿನ್ ಚೀಟಿ ಬಂದರೆ ಮುಗಿಯಿತು.

"ಉಂಡೀಯೇನು?"

"ಚಾ ಕುಡದೀನ್ರಿ."

"ಚಾ ಊಟ ಅಲ್ಲ. ಹೊಟ್ಟ್ಯಾಗ ಉರಿ ಐತೇನು? ಮೊದಲ ಯಾವಾಗರ ರಕ್ತ ಕಾರಿದ್ದೀಯೇನು? ಉಬ್ಬಸ ಐತೇನು? ಬಸುರಿದ್ದೀಯೇನವ್ವಾ?"

ಸಾಲಿನಲ್ಲಿ ಹಿಂದೆ ನಿಂತವರು ರೇಗುತ್ತಿದ್ದರು. ಒಮ್ಮೆ ಭತ್ತದ ದಲ್ಲಾಳಿ, ಅಡತಿ ಅಂಗಡಿಯ ಯಜಮಾನನೊಬ್ಬ, "ತಲಿನೋವಿಗೆ ಒಂದು ಗುಳಿಗಿ ಕೊಡಾಕ ಇಷ್ಟು ಪಂಚಾಯ್ತಿಯಾ? ನೀ ಏನ್ ಡಾಕ್ಟರೇನು?" ಎಂದು ಕೂಗಿದ. ಇವರು ಸಿಟ್ಟಾಗಲಿಲ್ಲ. "ಡಾಕ್ಟರಲ್ಲರಿ. ಅದಕ್ಕ ಕೇಳಾಕತ್ತೀನಿ" ಎಂದರು.

ಒಂದು ದಿನ ನಾನೇ ಕೇಳಿದೆ, "ಯಾಕ್ರಿ ಅಣ್ಣಾರ, ಇಷ್ಟು ಕೇಳ್ತೀರಿ?"

ಅಷ್ಟು ಹೊತ್ತಿಗೆ ನಾನು ಮೇಡಂ ಹೋಗಿ ತಂಗಿ ಆಗಿದ್ದೆ.

"ನಮ್ಮಪ್ಪ ಈ ಕಾಲುವಿ ತೋಡಿದ ಕೂಲಿ, ತಂಗಿ," ಎಂದರು. "ನಾವು ಊರ ಹೊರಗಿನವರು. ದೊಡ್ಡೋರ ಮನಿ ಮುಂದ ನಿಂತು, ಯಾಕ್ರಿ ಅಂತ ಒಂದು ಮಾತು ಕೇಳಾಕ ನಮಗ ಬಾಯಿ ಇರಲಿಲ್ಲ. ಈಗ ಈ ಕಿಟಕಿ ಹಿಂದ ಕುಂತೀನಿ. ಗೌಡರು ಬರ್ಲಿ, ಸಾಹುಕಾರ್ರು ಬರ್ಲಿ, ನಾ ಕೇಳಿದ್ದಕ್ಕ ಜವಾಬು ಕೊಡಬೇಕು. ಬಿಡ್ತೀನೇನು?" ಎಂದು ಜೋರಾಗಿ ನಕ್ಕರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹಳೆಯ ಪೇಪರಿನಿಂದ ಕತ್ತರಿಸಿಟ್ಟ ಆರೋಗ್ಯದ ಲೇಖನಗಳ ಕಟ್ಟು. ಆ ಮನೆಯಲ್ಲಿ ನಾನು ಕಂಡ ಆಸ್ತಿ ಅಷ್ಟೇ.

ಒಂದು ಭತ್ತದ ನಾಟಿಯ ಕಾಲದಲ್ಲಿ ಮುಕ್ಕುಂದ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ತೆಂಟು ಮೂವತ್ತರ ವಯಸ್ಸು. ನಿಂತಲ್ಲೇ ಕಣ್ಣು ಕತ್ತಲೆ ಬರುತ್ತದೆ, ನಾಲ್ಕು ಹೆಜ್ಜೆ ನಡೆದರೆ ಎದೆ ಡವಗುಟ್ಟುತ್ತದೆ ಎಂದಳು. ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದರು. ತಪ್ಪೇನೂ ಅಲ್ಲ, ದಿನಕ್ಕೆ ಅಂಥವರು ಇಪ್ಪತ್ತು ಜನ ಬರುತ್ತಿದ್ದರು. ಚೀಟಿ ಹಿಡಿದು ಅವಳು ಕಿಟಕಿಗೆ ಹೋದಳು. ಸ್ವಲ್ಪ ಹೊತ್ತಿಗೆ ಕಂಪೌಂಡರ್ ಸಾಹೇಬ್ರು ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದರು.

"ತಂಗಿ, ಒಂದು ಮಾತು ಕೇಳ್ಬೇಕಾಗೈತಿ. ನಾ ಕೇಳಿದ್ರ ಈಕಿ ನಾಚಿಕೊಳ್ತಾಳ. ನೀ ಕೇಳು. ಹೊರಕಡಿಗೆ ಹೋದಾಗ ಯಾವ ಬಣ್ಣ ಇರ್ತೈತಿ?"

ಅವರು ಹೊರಗೆ ಹೋದ ಮೇಲೆ ಕೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಡಾಂಬರಿನಂಗ ಇರ್ತೈತ್ರಿ ಅಕ್ಕಾರ. ಅಂಟಂಟು" ಎಂದಳು.

ಇದನ್ನು ಅವರಿಗೆ ಹೇಳಿದೆ. ಹೊಟ್ಟೆಯಲ್ಲಿ ಎಲ್ಲೋ ರಕ್ತ ಸೋರಿ, ಕರುಳಿನುದ್ದಕ್ಕೂ ಇಳಿದು ಬರುವಷ್ಟರಲ್ಲಿ ಕಪ್ಪಾಗುತ್ತದೆ. "ಕಬ್ಬಿಣದ ಗುಳಿಗಿ ನುಂಗೋಕಿಂತ ಮೊದಲ ಪರೀಕ್ಷಾ ಮಾಡು," ಎಂದರು. "ಅದನ್ನ ನುಂಗಿದ್ರೂ ಕರ್ರಗ ಆಗ್ತೈತಿ. ಆಮ್ಯಾಲ ಯಾವುದು ಯಾವುದಂತ ಗೊತ್ತಾಗೂದಿಲ್ಲ." ಆಗ ಬೆಂಜಿಡಿನ್ ಎಂಬ ಪುಡಿಯಿಂದ ಆ ಪರೀಕ್ಷೆ ಮಾಡುತ್ತಿದ್ದೆವು. ಆ ಪುಡಿಯೇ ಅಪಾಯವೆಂದು ಆಮೇಲೆ ಬಿಟ್ಟರು. ಮಲದಲ್ಲಿ ರಕ್ತವಿದ್ದರೆ ನೀಲಿ ಬರಬೇಕು. ಗಾಜಿನ ಮೇಲೆ ಹನಿ ಹಾಕಿ ಇಬ್ಬರೂ ಬಗ್ಗಿ ನೋಡಿದೆವು. ಒಂದೇ ಗಳಿಗೆಯಲ್ಲಿ ನೀಲಿ ಹರಡಿತು.

"ಏನರ ಗುಳಿಗಿ ತಗೊಳ್ತಿದ್ದೀಯೇನು?" ಎಂದು ಅವರು ಅವಳನ್ನು ಕೇಳಿದರು.

"ಸೊಂಟನೋವಿಗೆ ತಗೊಳ್ತೀವ್ರಿ. ಹೊಲದಾಗ ಕೊಡ್ತಾರ. ಮುಂಜಾನೆ ಚಾದ ಜೋಡಿ ಎರಡು, ಮಧ್ಯಾಹ್ನ ಎರಡು."

"ಯಾರು ಕೊಡ್ತಾರ?"

"ನಮ್ಮ ದೊಡ್ಡಾಕಿ."

ಡಾಕ್ಟರು ಗಾಜು ನೋಡಿ ಕಬ್ಬಿಣದ ಚೀಟಿ ಹಿಂದಕ್ಕೆ ತೆಗೆದುಕೊಂಡರು. ಅವಳನ್ನು ರಾಯಚೂರಿಗೆ ಕಳಿಸಿದರು. ರಕ್ತ ಹಾಕಿಸಿಕೊಂಡು, ಗುಳಿಗೆ ಬಿಟ್ಟು, ಎರಡು ತಿಂಗಳಲ್ಲಿ ಚೇತರಿಸಿಕೊಂಡು ಬಂದಳು. ಅಷ್ಟಕ್ಕೇ ಮುಗಿಯಬೇಕಾಗಿತ್ತು. ಕಂಪೌಂಡರ್ ಸಾಹೇಬ್ರಿಗೆ ಮುಗಿಯಲಿಲ್ಲ. ಅವಳನ್ನು ರಾಯಚೂರಿಗೆ ಕಳಿಸಿದ ವಾರದ ಭಾನುವಾರವೇ ನನ್ನನ್ನು ಜೊತೆ ಮಾಡಿಕೊಂಡು ಮುಕ್ಕುಂದದ ಬಸ್ಸು ಹತ್ತಿದರು.

ದೊಡ್ಡಾಕಿ ಎಂದರೆ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಐವತ್ತರ ಸುಮಾರು, ಗಟ್ಟಿ ಹೆಂಗಸು, ಹಣೆಯ ಮೇಲೆ ಅಗಲ ಕುಂಕುಮ. ಮೊಣಕಾಲತನಕ ಕೆಸರಿನಲ್ಲಿ ನಿಂತುಕೊಂಡೇ ಮಾತಾಡಿದಳು. ಸೊಂಟಕ್ಕೆ ಸಿಕ್ಕಿಸಿದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಅಂಗಡಿಯಿಂದ ತಂದ ಬಿಡಿ ಗುಳಿಗೆಗಳಿದ್ದವು. ಕಂಪೌಂಡರ್ ಸಾಹೇಬ್ರು ಒಂದನ್ನು ಇಸಿದುಕೊಂಡು ಮುರಿದು, ಮೂಸಿ, ನಾಲಗೆಯ ತುದಿಗೆ ತಾಗಿಸಿ, "ಅದ ಇದು" ಎಂದರು.

"ಇದರಿಂದ ನಿಮ್ಮ ಗುಂಪಿನ ಹೆಣ್ಣುಮಗಳು ಸಾಯ್ತಿದ್ಲು ಯವ್ವಾ."

"ಇದಿಲ್ದಿದ್ರ ನಾವು ದಿನಾ ಸಾಯ್ತೀವಿ," ಎಂದಳು ಆಕೆ. "ಮುಂಜಾನಿಂದ ಸಂಜೀ ಮಟ ಬಗ್ಗಿ ನೋಡು, ಗೊತ್ತಾಗ್ತೈತಿ. ನಾನೂ ತಿಂತೀನಿ. ಎಲ್ಲಾರಕಿಂತ ಜಾಸ್ತಿ ತಿಂತೀನಿ. ಬ್ಯಾಡ ಅಂತೀಯಲ್ಲಾ, ಸೊಂಟನೋವಿಗೆ ಏನ್ ಕೊಡ್ತಿ ಹೇಳು."

ಕಂಪೌಂಡರ್ ಸಾಹೇಬ್ರು ಬದುವಿನ ಮೇಲೆ ಕೂತರು. ಸ್ವಲ್ಪ ಹೊತ್ತು ಹೆಂಗಸರು ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುವುದನ್ನು ನೋಡಿದರು. ಆಮೇಲೆ, "ಬರೀ ಹೊಟ್ಟಿಗೆ ಬ್ಯಾಡ. ರೊಟ್ಟಿ ತಿಂದ ಮ್ಯಾಲ ತಗೋರಿ. ಹೊಟ್ಟಿ ಉರಿಯೋರಿಗೆ, ಬಸುರೇರಿಗೆ ಪೂರಾ ಬ್ಯಾಡ. ಅವರಿಗೆ ಬ್ಯಾರೆ ಗುಳಿಗಿ ಐತಿ, ಪ್ಯಾರಾಸಿಟಮಾಲ್, ಅದು ಹೊಟ್ಟಿ ಸುಡೂದಿಲ್ಲ. ಆದರ ಅದನ್ನೂ ಅಳತಿ ಮೀರಿ ತಿನ್ನಬಾರ್ದು. ದವಾಖಾನಿಗೆ ಬರ್ರಿ, ನಾ ಕೊಡಸ್ತೀನಿ. ಕರ್ರಗ ಕಂಡ್ರ ಅವತ್ತ ಬರ್ರಿ" ಎಂದರು.

"ಮಾಲಕ್ರು ಊಟಕ್ಕ ಬಿಡೂದು ಮಧ್ಯಾಹ್ನಕ್ಕ."

"ಹಂಗಾದ್ರ ಗುಳಿಗೀನೂ ಮಧ್ಯಾಹ್ನಕ್ಕ."

ಆಕೆ ಅವರನ್ನೇ ನೋಡಿದಳು. "ನೀ ಭಾಳ ಕಾಡೋ ಮನಷ್ಯಾ ಅದೀ" ಎಂದು ಹೇಳಿ, ತಿರುಗಿ ಬಗ್ಗಿದಳು.

ಆ ದಿನದ ಮಾತಿನಿಂದ ಎಲ್ಲ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ. ದೊಡ್ಡಾಕಿ ಕೇಳಲಿಲ್ಲ. ಮರುವರ್ಷ ಆಕೆಯೇ ರಕ್ತ ಕಾರಿಕೊಂಡು ನಮ್ಮ ದವಾಖಾನೆಗೆ ಬಂದಳು. ಬದುಕಿದಳು. ಅಂದಿನಿಂದ ಆಸ್ಪಿರಿನ್ ಮುಟ್ಟಲಿಲ್ಲ. ಯಾಕೆಂದರೆ ಕಂಪೌಂಡರ್ ಸಾಹೇಬ್ರು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ಕಂಡರೂ ಆಕೆಯ ಸಂಚಿ ತೆಗೆಸಿ ನೋಡುತ್ತಿದ್ದರು.

ಜ್ವರ ಬಂದ ಮಕ್ಕಳಿಗೆ, ಅದರಲ್ಲೂ ಮೈಮೇಲೆ ಅಮ್ಮನ ಗುಳ್ಳೆ ಎದ್ದ ಮಕ್ಕಳಿಗೆ ಈ ಗುಳಿಗೆ ಕೊಡಬಾರದು, ಮಿದುಳಿಗೂ ಲಿವರಿಗೂ ಅಪಾಯವಾಗಬಹುದು ಎಂಬ ಮಾತು ಆ ವರ್ಷಗಳಲ್ಲೇ ನಮ್ಮ ಕಡೆ ಬಂತು. ಅದು ಕಿವಿಗೆ ಬಿದ್ದ ದಿನವೇ ಅವರು ಮನೆಮನೆಗೆ ತಿರುಗಿ, ದೊಡ್ಡವರ ಗುಳಿಗೆ ಅರ್ಧ ಮುರಿದು ಮಕ್ಕಳಿಗೆ ಹಾಕುತ್ತಿದ್ದ ತಾಯಂದಿರಿಗೆಲ್ಲ ಹೇಳಿ ಬಂದರು. ಹಿಂದೆ ನಾನೇ ಎಷ್ಟು ಮಕ್ಕಳಿಗೆ ಕೊಟ್ಟಿದ್ದೆನೋ ಎಂದು ಕೊರಗಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವೆಂದು ಅವರ ಹೆಂಡತಿ ನನಗೆ ಹೇಳಿದರು.

ಇಷ್ಟರ ಮೇಲೆ ಅವರಿಗೆ ಆ ಗುಳಿಗೆಯ ಮೇಲೆ ದ್ವೇಷ ಹುಟ್ಟಬೇಕಾಗಿತ್ತು. ಆದರೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ರಾಯಚೂರಿನಲ್ಲಿ ಒಂದು ತರಬೇತಿ ಆಯಿತು. ಅಲ್ಲಿಂದ ಬಂದವರು ಬಸ್ಸಿಳಿದು ಮನೆಗೂ ಹೋಗದೆ ನೇರವಾಗಿ ಲ್ಯಾಬಿಗೆ ಬಂದರು. ಬಗಲಲ್ಲಿ ಚೀಲ ಹಾಗೇ ಇತ್ತು.

"ತಂಗಿ, ಎದಿನೋವು ಬಂದಾಗ, ಹಾರ್ಟಿನ ನೋವು, ಆವಾಗ ಆಸ್ಪಿರಿನ್ ಅಗಿಸಿದ್ರ ಜೀವ ಉಳೀತೈತಂತ! ಅದ ಗುಳಿಗಿ!"

"ಹೆಂಗ್ರಿ ಅಣ್ಣಾರ?"

ಅವರು ಸ್ಟೂಲ್ ಎಳೆದುಕೊಂಡು ಕೂತರು. "ಕಾಲುವಿ ಒಡದ್ರ ಏನ್ ಮಾಡ್ತಾರ? ಉಸುಕಿನ ಚೀಲ ಒಗೀತಾರ. ರಕ್ತದಾಗೂ ಅಂಥಾ ಸಣ್ಣ ಕಣ ಇರ್ತಾವ, ಪ್ಲೇಟ್‌ಲೆಟ್ಟು. ಗಾಯ ಆದಲ್ಲಿ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚತಾವ. ಛಲೋ ಕೆಲಸ. ಆದರ ಅವ ಚೀಲ ಹಾರ್ಟಿನ ಸಣ್ಣ ನಾಳದಾಗ ಬಂದು ಕುಂತ್ರ? ಮುಂದಿನ ಹೊಲಕ್ಕ ನೀರಿಲ್ಲ. ಹೊಲ ಒಣಗ್ತೈತಿ. ಆಸ್ಪಿರಿನ್ನು ಆ ಕಣದ ಅಂಟು ಬಿಡಸ್ತೈತಿ. ಹೊಟ್ಟ್ಯಾಗ ರಕ್ತ ನಿಲ್ಲದಂಗ ಮಾಡೂದೂ ಅದ, ಹಾರ್ಟಿನ್ಯಾಗ ರಕ್ತ ಹರಿಯೂ ಹಂಗ ಮಾಡೂದೂ ಅದ. ಗುಳಿಗಿಗೆ ಎಲ್ಲಿಗೆ ಹೋಗ್ಬೇಕಂತ ತಿಳಿಯೂದಿಲ್ಲ ತಂಗಿ. ಎಲ್ಲಾ ಕಡಿಗೂ ಹೋಗ್ತೈತಿ."

ಹೇಳಿ ಮುಗಿಸಿದರೂ ಎದ್ದು ಹೋಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲೆ ಕುಟ್ಟುತ್ತ ಕೂತರು. "ಇದನ್ನ ಕಣ್ಣಿಂದ ನೋಡಾಕಾಗ್ತೈತೇನು?" ಎಂದರು.

ಆಗುತ್ತಿತ್ತು. ಆಪರೇಷನ್ ಆಗುವವರಿಗೆ ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ನೋಡುವುದು ನನ್ನ ದಿನದ ಕೆಲಸಗಳಲ್ಲೊಂದು. ಕಿವಿಯ ಹಾಲೆಗೆ ಸೂಜಿ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಹೀರುಕಾಗದವನ್ನು ಮೆಲ್ಲಗೆ ತಾಗಿಸುತ್ತ ಹೋಗಬೇಕು. ಮೊದಲ ಚುಕ್ಕೆ ದೊಡ್ಡದು, ಆಮೇಲಿನವು ಸಣ್ಣ, ಕೊನೆಗೆ ಏನೂ ಇಲ್ಲ. ಅವರು ತಮ್ಮ ಕಿವಿಯನ್ನೇ ಕೊಟ್ಟರು. ಆ ದಿನ ನಾಲ್ಕು ಚುಕ್ಕೆ ಬಿದ್ದು ರಕ್ತ ನಿಂತಿತು. ಊಟ ಮಾಡಿ ಬಂದು ನನ್ನೆದುರಿಗೇ ಒಂದು ಆಸ್ಪಿರಿನ್ ನುಂಗಿದರು. ಮರುದಿನ ಚುಚ್ಚಿದಾಗ ನಾಲ್ಕು ದಾಟಿತು, ಆರು ದಾಟಿತು, ಒಂಬತ್ತನೆಯ ಚುಕ್ಕೆ ಬಿದ್ದ ಮೇಲೆ ನಿಂತಿತು. ಅವರು ಕನ್ನಡಿಯಲ್ಲಿ ನೋಡುತ್ತ, "ನೋಡು, ನೋಡು, ಇನ್ನೂ ಬರಾಕತ್ತೈತಿ!" ಎಂದು ಜಾತ್ರೆಯಲ್ಲಿ ಬಯಸಿದ ಆಟಿಕೆ ಸಿಕ್ಕವರ ಹಾಗೆ ಸಂತೋಷಪಟ್ಟರು.

ಮತ್ತೆ ಗುಳಿಗೆ ನುಂಗಲಿಲ್ಲ. ಆದರೆ ದಿನಾ ಬಂದು ಕಿವಿ ಚುಚ್ಚಿಸಿಕೊಂಡರು. ಒಂದೇ ಗುಳಿಗೆಯ ಗುಣ ಮೈಯಿಂದ ಇಳಿದುಹೋಗಲು ದಿನಗಳೇ ಬೇಕಾದವು. ವಾರ ಮುಗಿಯುವುದರೊಳಗೆ ಚುಕ್ಕೆ ಮತ್ತೆ ನಾಲ್ಕಕ್ಕೆ ಬಂದವು. ಹಲ್ಲು ಕೀಳಿಸುವವರನ್ನು, ಆಪರೇಷನ್ನಿಗೆ ಹೋಗುವವರನ್ನು, "ಈ ವಾರದಾಗ ನೋವಿನ ಗುಳಿಗಿ ತಿಂದೀರೇನು?" ಎಂದು ಅವರು ಕೇಳಲು ಶುರುಮಾಡಿದ್ದು ಅಂದಿನಿಂದ.

"ಆದರ ಒಬ್ಬನ ಕಿವಿ ಶಾಸ್ತ್ರ ಆಗೂದಿಲ್ಲ," ಎಂದು ನನ್ನನ್ನೂ ಕೂರಿಸಿದರು. ನಾನೂ ಗುಳಿಗೆ ನುಂಗಿದೆ. ನನ್ನ ಕಿವಿಯಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲೇ ಇಲ್ಲ. ಅವರಿಗೆ ಬೇಸರವಾಗುತ್ತದೇನೋ ಎಂದುಕೊಂಡೆ. ಅವರು ಮತ್ತಷ್ಟು ಖುಷಿಯಾದರು. "ನೋಡಿದ್ಯಾ? ಎಲ್ಲಾರ ಮೈ ಒಂದ ಅಲ್ಲ. ನಾ ಅಷ್ಟು ಪ್ರಶ್ನೆ ಕೇಳೂದು ಅದಕ್ಕ!"

ತೊಂಬತ್ತರ ಆಚೀಚೆ ನಾವಿಬ್ಬರೂ ವರ್ಗವಾಗಿ ಬೇರೆಬೇರೆಯಾದೆವು. ನನಗೆ ಸಿಂಧನೂರು, ಅವರಿಗೆ ಮಸ್ಕಿ. ಮಲೇರಿಯಾ ಹೆಚ್ಚಾದ ಒಂದು ಮಳೆಗಾಲದಲ್ಲಿ ಗಾಜು ನೋಡಲು ನನ್ನನ್ನು ಒಂದು ತಿಂಗಳು ಮಸ್ಕಿಗೆ ಹಾಕಿದ್ದರು. ಸಂತೆಯ ದಿನ. ಡಾಕ್ಟರು ಬೇರೆ ಊರಿಗೆ ಆಪರೇಷನ್ ಕ್ಯಾಂಪಿಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಒಬ್ಬ ಹೆಂಗಸನ್ನು ಕಂಬಳಿಯಲ್ಲಿ ಹೊತ್ತುಕೊಂಡು ಬಂದರು. ಬೆವರಿನಲ್ಲಿ ಹಣೆಯ ಕುಂಕುಮ ಮೂಗಿನತನಕ ಇಳಿದಿತ್ತು. ದೊಡ್ಡಾಕಿ.

"ಎದಿ ಮ್ಯಾಲ ಬೀಸೂ ಕಲ್ಲು ಇಟ್ಟಂಗ ಆಗೈತೋ ಯಪ್ಪಾ," ಎಂದು ನರಳುತ್ತಿದ್ದಳು.

ಸಂತೆಯಲ್ಲಿ ಗಂಟು ಹೊತ್ತು ನಡೆಯುವಾಗ ಶುರುವಾಯಿತು, ಎಡಗೈಗೆ, ದವಡೆಗೆ ಹರಿಯಿತು ಎಂದು ಜೊತೆಯವರು ಹೇಳಿದರು. ಕಂಪೌಂಡರ್ ಸಾಹೇಬ್ರು ಫೋನ್ ಎತ್ತಿದರು, ಲೈನ್ ಸತ್ತಿತ್ತು. ಡ್ರೈವರನಿಗೆ ಜೀಪು ತಿರುಗಿಸಲು ಹೇಳಿದರು. ಔಷಧಿಯ ಕಪಾಟಿನ ಮುಂದೆ ಹೋಗಿ ಡಬ್ಬಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು.

ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತೆಂದು ನನಗೆ ಗೊತ್ತಿತ್ತು. ಆಕೆ ರಕ್ತ ಕಾರಿದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು. ಇದು ಹೊಟ್ಟೆಯ ಹಳೆಯ ಹುಣ್ಣಿನ ನೋವಾಗಿದ್ದರೆ ಆ ಗುಳಿಗೆ ವಿಷ. ಹಾರ್ಟಿನ ನೋವಾಗಿದ್ದರೆ ಕೊಡದೆ ಇರುವುದು ಕೊಲೆ. ಹೇಳುವ ಡಾಕ್ಟರಿಲ್ಲ, ತೋರಿಸುವ ಯಂತ್ರವಿಲ್ಲ.

"ಏನ್ ನೋಡ್ತೀರ್ರೀ? ಏನರ ಕೊಡ್ರಿ!" ಎಂದು ಆಕೆಯ ಮಗ ಅವರ ಅಂಗಿ ಹಿಡಿದು ಜಗ್ಗಿದ.

ಅವರು ತಿರುಗಿ ಬಂದು ಆಕೆಯ ಪಕ್ಕ ಮೊಣಕಾಲೂರಿದರು. ಹೊಟ್ಟೆಯ ಮೇಲ್ಭಾಗ ಒತ್ತಿದರು. "ಇಲ್ಲಿ ನೋವೈತೇನು?" ಆಕೆ ತಲೆಯಾಡಿಸಿದಳು, ಇಲ್ಲ. "ಇತ್ತೀಚಿಗೆ ಹೊಟ್ಟಿ ಉರಿ? ಕರ್ರಗ ಹೊರಕಡಿ?" ಇಲ್ಲ, ಇಲ್ಲ. "ಖರೇ ಹೇಳು ಯವ್ವಾ. ಆ ಗುಳಿಗಿ ಮತ್ತ ತಿಂದೀಯೇನು?"

"ನೀ ಬಿಟ್ಟೀಯೇನೋ ತಿನ್ನಾಕ?" ಎಂದಳು ಆಕೆ, ಹಲ್ಲು ಕಚ್ಚಿಕೊಂಡು.

ಗುಳಿಗೆ ಅರ್ಧ ಮುರಿದು ಬಾಯಿಗೆ ಹಾಕಿದರು. "ನುಂಗಬ್ಯಾಡ. ಅಗಿ. ಪುಡಿ ಮಾಡು." ಚೀಟಿಯೊಂದರ ಮೇಲೆ ಕೊಟ್ಟ ಔಷಧಿ, ಕೊಟ್ಟ ಹೊತ್ತು, ಹಿಂದೆ ರಕ್ತ ಕಾರಿದ ಸಂಗತಿ, ಎಲ್ಲ ಬರೆದರು. ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಆಕೆ ಸತ್ತರೆ ಆ ಸಹಿಯೇ ಅವರ ನೌಕರಿ ತಿನ್ನುತ್ತಿತ್ತು. ಜೀಪಿನ ಹಿಂದೆ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲಿಂಗಸುಗೂರಿಗೆ ಅವರೇ ಹೋದರು. ಹಾದಿಯುದ್ದಕ್ಕೂ ಆಕೆ ಎಲ್ಲಿ ರಕ್ತ ಕಾರುತ್ತಾಳೋ ಎಂದು ಬಾಯನ್ನೇ ನೋಡುತ್ತಿದ್ದರಂತೆ.

ಲಿಂಗಸುಗೂರಿನಲ್ಲಿ ಇಸಿಜಿ ಪಟ್ಟಿ ತೆಗೆದು ನೋಡಿದ ಡಾಕ್ಟರು ಹಾರ್ಟೇ ಎಂದು ಹೇಳಿ, ಸೂಜಿ ಕೊಟ್ಟು ರಾಯಚೂರಿಗೆ ಸಾಗಿಸಿದರು. ಮೂರು ವಾರದ ಮೇಲೆ ದೊಡ್ಡಾಕಿ ತಾನೇ ಬಸ್ಸಿನಲ್ಲಿ ಮಸ್ಕಿಗೆ ಬಂದಳು. ಕಿಟಕಿಯ ಮುಂದೆ ನಿಂತು ಕೇಳಿದಳು, "ಅವತ್ತ ನನ್ನ ಬಾಯಾಗ ಹಾಕಿದ್ದು ಏನೋ?"

ಹೇಳಿದರು.

ಆಕೆ ಮೊದಲು ನಂಬಲಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. "ಅದನ್ನ ತಿನ್ನಬ್ಯಾಡ ತಿನ್ನಬ್ಯಾಡಂತ ಇಷ್ಟು ವರ್ಷ ನನ್ನ ಜೀವಾ ತಿಂದಿ. ಈಗ ಅದನ್ನ ತಿನಿಸಿ ಜೀವಾ ಉಳಿಸಿದೆಂತಿ. ನಿನ್ನ ಯಾವ ಮಾತು ನಂಬಬೇಕೋ ಹಡದಪ್ಪಾ!"

"ಎರಡೂ ನಂಬು," ಎಂದರು ಅವರು. "ಇನ್ನ ಮ್ಯಾಲ ದಿನಾ ಊಟ ಆದ ಮ್ಯಾಲ ಸಣ್ಣ ತುಕಡಿ, ಡಾಕ್ಟರು ಬರದಷ್ಟ. ಸೊಂಟ ನೋಯ್ತೈತಂತ ಒಂದು ತುಕಡಿ ಜಾಸ್ತಿ ತಿಂದಿ ಅಂದ್ರ ನೋಡು."

ಅವರು ನಿವೃತ್ತರಾಗಿ ಬಳಗಾನೂರಿನಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಸಿಂಧನೂರಿನ ದವಾಖಾನೆಗೆ ನನ್ನ ಹೆಸರಿಗೆ ಫೋನು ಬಂತು. ಎಸ್‌ಟಿಡಿ ಬೂತಿನಿಂದ ಅವರ ಪಕ್ಕದ ಮನೆಯ ಮಾಸ್ತರರು. "ಸಾಹೇಬ್ರು ಬಚ್ಚಲದಾಗ ಬಿದ್ದಾರ್ರಿ. ಬಲಗಡಿ ಕೈ ಕಾಲು ಎತ್ತವಲ್ರು. ನೀವು ಬರಬೇಕಂತ." ಸಿಕ್ಕ ಕಾರು ಹಿಡಿದು ಹೊರಟೆ.

ನಾನು ಹೋದಾಗ ಮನೆತುಂಬ ಜನ. ಅವರನ್ನು ಹೊರಸಿನ ಮೇಲೆ ಮಲಗಿಸಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಹೆಂಡತಿಯ ಕೈಯಲ್ಲಿ ನೀರಿನ ಚೊಂಬು, ಮಾಸ್ತರರ ಕೈಯಲ್ಲಿ ಅರ್ಧ ಗುಳಿಗೆ. ದೊಡ್ಡಾಕಿ ಉಳಿದ ಕತೆ ಸುತ್ತ ಹತ್ತೂರಿಗೆ ಗೊತ್ತಿತ್ತು. ಅಂಥ ಗುಳಿಗೆ ಅದು! ಆದರೆ ಅವರು ಹಲ್ಲು ಬಿಗಿಹಿಡಿದು, ಎಡಗೈಯಿಂದ ಮಾಸ್ತರರ ಕೈಯನ್ನು ದೂಡುತ್ತಿದ್ದರು.

"ನೋಡವ್ವಾ, ಊರಿಗೆಲ್ಲಾ ಕೊಟ್ಟೋರು ತಾವ ತಗೊಳವಲ್ರು," ಎಂದು ಹೆಂಡತಿ ಅತ್ತರು.

ನನ್ನನ್ನು ಕಂಡು ಅವರ ಕಣ್ಣು ಅಗಲವಾದವು. ಎಡಗೈಯ ಬೆರಳು ತಲೆಗೆ ತಾಗಿಸಿದರು. ಆಮೇಲೆ ಎರಡು ಬೆರಳು ಎತ್ತಿ, ಅಗಲಿಸಿ ತೋರಿಸಿದರು. ಮಾತು ಹೊರಡಲಿಲ್ಲ. ಏನು ಕೇಳುತ್ತಿದ್ದಾರೆಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಲಕ್ವ ಎರಡು ಥರ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ನಿಂತಿರಬಹುದು, ನಾಳವೇ ಒಡೆದು ರಕ್ತ ಹರಿದಿರಬಹುದು. ಮೊದಲನೆಯದಾದರೆ ಆಸ್ಪಿರಿನ್ ಕೆಲಸಕ್ಕೆ ಬರುತ್ತದೆ. ಎರಡನೆಯದಾದರೆ ಒಡೆದ ಕಾಲುವೆಯ ಉಸುಕಿನ ಚೀಲ ಕಿತ್ತು ಒಗೆದ ಹಾಗೆ. ಹೊರಗಿನಿಂದ ನೋಡಿ ಯಾವುದೆಂದು ಯಾರೂ ಹೇಳಲಾರರು.

"ಬ್ಯಾಡ್ರಿ ಮಾಸ್ತರ," ಎಂದೆ. "ಬಾಯಾಗ ಏನೂ ಹಾಕಬ್ಯಾಡ್ರಿ, ನೀರೂ ಬ್ಯಾಡ."

ಅವರು ಕಣ್ಣು ಮುಚ್ಚಿಕೊಂಡರು. ಅದೇ ಕಾರಿನಲ್ಲಿ ರಾಯಚೂರಿಗೆ ಹೋದೆವು. ಅಲ್ಲಿ ರಕ್ತದೊತ್ತಡ ನೋಡಿದರೆ ಭಯವಾಗುವಷ್ಟಿತ್ತು. ಇಷ್ಟು ಜನಕ್ಕೆ ಇಷ್ಟು ಪ್ರಶ್ನೆ ಕೇಳಿದ ಮನುಷ್ಯರು ತಮ್ಮ ಬಿಪಿ ಒಮ್ಮೆಯೂ ನೋಡಿಸಿಕೊಂಡಿರಲಿಲ್ಲ. ರಾಯಚೂರಿನ ಡಾಕ್ಟರು ತಲೆಯ ಸ್ಕ್ಯಾನಿಗೆಂದು ಹೈದರಾಬಾದಿಗೆ ಬರೆದುಕೊಟ್ಟರು. ಅವರ ಹೆಂಡತಿ, ಮಾಸ್ತರರು ಜೊತೆಗೆ ಹೋದರು. ನಾನು ಸಿಂಧನೂರಿಗೆ ಮರಳಿದೆ.

ಆ ಎರಡು ದಿನ ನನಗೆ ಕೆಲಸದಲ್ಲಿ ಗಮನವಿರಲಿಲ್ಲ. ಗಾಜಿನ ಮೇಲೆ ಕಣ್ಣಿಟ್ಟರೂ ಏನೂ ಕಾಣುತ್ತಿರಲಿಲ್ಲ. ಒಂದು ವೇಳೆ ಹೆಪ್ಪುಗಟ್ಟಿದ್ದೇ ಆಗಿದ್ದರೆ? ಬೇಡವೆಂದು ಬಾಯಿಬಿಟ್ಟು ಹೇಳಿದವಳು ನಾನು. ಮಾಸ್ತರರ ಕೈಯಲ್ಲಿದ್ದ ಆ ಅರ್ಧ ಗುಳಿಗೆ ಅವರ ಕೈಕಾಲು ಉಳಿಸಬಹುದಾಗಿತ್ತೇನೋ. ಮೂರನೆಯ ದಿನ ಹೈದರಾಬಾದಿನಿಂದ ಮಾಸ್ತರರು ಫೋನು ಮಾಡಿದರು. "ನಾಳ ಒಡದೈತಂತ್ರಿ ಮೇಡಂ. ರಕ್ತ ತೆಳ್ಳಗ ಮಾಡೂದು ಏನರ ಕೊಟ್ಟಿದ್ರೇನು ಅಂತ ಡಾಕ್ಟರು ಮೂರು ಸಲ ಕೇಳಿದ್ರು. ಇಲ್ಲ ಅಂದ್ವಿ. ಛಲೋ ಆತು ಅಂದ್ರು." ನಾನು ಫೋನಿಟ್ಟು ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ.

ಅದಾದ ಮೇಲೆ ಅವರು ಒಂದೂವರೆ ವರ್ಷ ಬದುಕಿದ್ದರು. ಬಲಗೈ ಪೂರ್ತಿ ಬರಲಿಲ್ಲ. ಮಾತು ಒಂದೊಂದೇ ಆಗಿ ಮರಳಿತು, ಮೊದಲು ಹೆಂಡತಿಯ ಹೆಸರು, ಆಮೇಲೆ 'ನೀರು', ಆಮೇಲೆ 'ಯಾಕ'. ದೊಡ್ಡಾಕಿ ಬುತ್ತಿ ಕಟ್ಟಿಕೊಂಡು ಬಂದು, ಅವರ ಎದುರಿಗೆ ಕೂತು, "ನಿನ್ನ ಬಿಪಿ ಗುಳಿಗಿ ತೋರಿಸು, ಎಣಸ್ತೀನಿ" ಎಂದು ಜೋರು ಮಾಡಿ ಹೋಗುತ್ತಿದ್ದಳು.

ಹೈದರಾಬಾದಿನಿಂದ ಬಂದ ಒಂದು ತಿಂಗಳಿಗೆ ನಾನು ನೋಡಲು ಹೋದಾಗ, ಅವರು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ಎಡಗೈಯಿಂದ ಟ್ರಂಕಿನ ಕಡೆ ತೋರಿಸಿದರು. ಅದರ ಮೇಲೆ ದೊಡ್ಡ ಲಕೋಟೆಯಲ್ಲಿ ಸ್ಕ್ಯಾನಿನ ಫಿಲ್ಮು. ಡಾಕ್ಟರು ಅವಸರದಲ್ಲಿ ತೋರಿಸಿ ಒಳಗಿಟ್ಟಿದ್ದರಂತೆ, ಇವರಿಗೆ ಸರಿಯಾಗಿ ನೋಡಲು ಸಿಕ್ಕಿರಲಿಲ್ಲ. ನಾನು ಅದನ್ನು ಬಿಸಿಲು ಬೀಳುತ್ತಿದ್ದ ಬಾಗಿಲಿಗೆ ಎದುರಾಗಿ ಎತ್ತಿ ಹಿಡಿದೆ. ಬೂದು ಬಣ್ಣದ ಸಣ್ಣ ಸಣ್ಣ ತಲೆಗಳ ಸಾಲು, ಎಲ್ಲವೂ ಅವರದೇ. ಅವುಗಳ ಒಂದು ಬದಿಯಲ್ಲಿ ಬಟಾಣಿಯಷ್ಟು ಬಿಳಿಯ ಕಲೆ.

"ಎ...ಲ್ಲಿ?" ಎಂದರು.

ಬೆರಳಿಟ್ಟು ತೋರಿಸಿದೆ.

"ರ...ಕ್ತಾ?"

"ಹೌದ್ರಿ ಅಣ್ಣಾರ. ಫಿಲ್ಮಿನ್ಯಾಗ ಅದು ಬೆಳ್ಳಗ ಕಾಣ್ತೈತಿ."

ಅವರು ದಿಂಬಿನಿಂದ ಮೈ ಎತ್ತಿ, ಚಷ್ಮಾ ಸರಿಮಾಡಿಕೊಂಡು, ಫಿಲ್ಮಿನ ಹತ್ತಿರಕ್ಕೆ ಮುಖ ತಂದರು. ನನ್ನ ತೋಳು ನೋಯತೊಡಗಿತು. ಕೆಳಗಿಳಿಸಲು ನೋಡಿದೆ. ಅವರು ಎಡಗೈಯಿಂದ ನನ್ನ ಮೊಣಕೈಯನ್ನು ಆನಿಸಿ ಹಿಡಿದು, ಇನ್ನಷ್ಟು ಹೊತ್ತು ಹಾಗೇ ಇರಲಿ ಎಂದು ಸನ್ನೆ ಮಾಡಿದರು.